‘ರೆ’ ಹೇಳಲು ಬಿಡುವುದಿಲ್ಲ ಸರ್

ಊಟದ ನಂತರದ ತರಗತಿ ಯಾವ ಮೇಷ್ಟರಿಗೂ ಬೇಡ, ಸಂಖ್ಯಾಶಾಸ್ತ್ರದ ಮೇಷ್ಟರಿಗಂತೂ ಬೇಡವೇ ಬೇಡ. ವಿಧಿವಿಜ್ಞಾನ (ಫೋರೆನ್ಸಿಕ್) ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಮೂವತ್ತು ಮಂದಿಗೆ ಎರಡು ದಿನ ಸಂಭವನೀಯತೆಯ ಪಾಠ ಹೇಳಲು ನನ್ನನ್ನು ಕರೆದಿದ್ದರು. ಮೊದಲ ದಿನದ ಮಧ್ಯಾಹ್ನ, ಬಿಸಿಬೇಳೆಬಾತು ಎಲ್ಲರ ಹೊಟ್ಟೆಯಲ್ಲೂ ಭಾರವಾಗಿ ಕುಳಿತಿದ್ದ ಹೊತ್ತಿನಲ್ಲಿ, ಹಲಗೆಯ ಮೇಲೆ ಎರಡು ಸಾಲು ಬರೆದೆ. ‘ರಕ್ತ ಬೇರೆಯವರದ್ದಾಗಿದ್ದರೆ, ಗುಂಪು ಹೊಂದುವ ಸಂಭವ ಎಷ್ಟು?’ ಎಂಬುದು ಒಂದು. ‘ಗುಂಪು ಹೊಂದಿದ್ದರೆ, ರಕ್ತ ಬೇರೆಯವರದ್ದಾಗಿರುವ ಸಂಭವ ಎಷ್ಟು?’ ಎಂಬುದು ಇನ್ನೊಂದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು; ಮೊದಲನೆಯದಕ್ಕೆ ಪ್ರಯೋಗಾಲಯ ಉತ್ತರ ಕೊಡಬಲ್ಲದು, ಎರಡನೆಯದಕ್ಕೆ ತಾನೊಂದೇ ಕೊಡಲಾರದು ಎಂದು ಹೇಳಿ ತಿರುಗಿದೆ. ಹಿಂದಿನ ಬೆಂಚಿನಲ್ಲಿ, ರಕ್ತಪರೀಕ್ಷೆಯ ವಿಭಾಗದಲ್ಲಿ ಹದಿನೈದು ವರ್ಷ ಕಳೆದಿದ್ದ ಹೆಣ್ಣುಮಗಳೊಬ್ಬರು ಕೈ ಎತ್ತಿದರು. ‘ನೀವು ಹೇಳುವುದು ಅರ್ಥವಾಗುತ್ತದೆ ಸರ್. ಆದರೆ ಕೋರ್ಟಿನಲ್ಲಿ ‘ರೆ’ ಹೇಳಲು ಬಿಡುವುದಿಲ್ಲ ಸರ್.’

ಸಭಾಂಗಣ ನಕ್ಕಿತು. ನಾನೂ ನಕ್ಕು ಮುಂದಿನ ಸ್ಲೈಡಿಗೆ ಹೋದೆ. ಹೋಗಬಾರದಿತ್ತು. ಆಕೆ ಹೇಳಿದ್ದು ತಮಾಷೆಯಲ್ಲ, ನನ್ನ ಎರಡು ದಿನದ ಪಾಠಕ್ಕೆ ಕೊಟ್ಟ ಉತ್ತರ ಎಂದು ತಿಳಿಯಲು ಆ ಸಂಜೆಯವರೆಗೆ ಬೇಕಾಯಿತು. ಈ ಜನರಿಗೆ ಲೆಕ್ಕ ಗೊತ್ತಿಲ್ಲ, ಲೆಕ್ಕ ಕಲಿಸಿದರೆ ವರದಿಗಳು ಸರಿಹೋಗುತ್ತವೆ ಎಂದುಕೊಂಡು ನಾನು ಹೋಗಿದ್ದೆ. ಅವರಲ್ಲಿ ಹಲವರಿಗೆ ಲೆಕ್ಕ ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಬರುತ್ತಿತ್ತು. ಬಾರದಿದ್ದದ್ದು, ಅಥವಾ ಬಂದರೂ ಆಡಗೊಡದಿದ್ದದ್ದು, ಒಂದು ವಾಕ್ಯ.

ಹಾಲು ಮತ್ತು ಬಿಳುಪು

ನಮ್ಮಲ್ಲಿ ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎನ್ನುತ್ತಾರಲ್ಲ, ಈ ವಿಷಯದಲ್ಲಿ ನಾನು ಬರೆದ ಸೂತ್ರಗಳಿಗೆಲ್ಲ ಅದೇ ತಾಯಿ. ಹಾಲಾಗಿದ್ದರೆ ಬೆಳ್ಳಗಿರುವುದು ಖಚಿತ. ಬೆಳ್ಳಗಿದ್ದರೆ ಹಾಲೇ? ಅದು ಊರಿನಲ್ಲಿ ಸುಣ್ಣ ಎಷ್ಟಿದೆ, ಹಿಟ್ಟಿನ ನೀರು ಎಷ್ಟಿದೆ ಎಂಬುದರ ಮೇಲೆ ಹೋಗುತ್ತದೆ. ಹತ್ತು ಲಕ್ಷ ಜನರ ಊರಿದೆ ಎನ್ನಿ. ಸ್ಥಳದಲ್ಲಿ ಸಿಕ್ಕ ಗುರುತು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಕಾಣುವಂಥದ್ದು ಎನ್ನಿ. ಆ ಊರಿನಲ್ಲಿ ಅಂಥವರು ಸುಮಾರು ನೂರು ಮಂದಿ ಇರುತ್ತಾರೆ. ಬೇರೆ ಯಾವ ಸಾಕ್ಷ್ಯವೂ ಇಲ್ಲದೆ ಅವರಲ್ಲಿ ಒಬ್ಬನನ್ನು ಹಿಡಿದು ತಂದು, ‘ಇವನು ನಿರಪರಾಧಿಯಾಗಿರುವ ಸಂಭವ ಹತ್ತು ಸಾವಿರಕ್ಕೆ ಒಂದು’ ಎಂದರೆ, ಉಳಿದ ತೊಂಬತ್ತೊಂಬತ್ತು ಮಂದಿಯನ್ನು ಊರಿನಿಂದಲೇ ಅಳಿಸಿದಂತಾಯಿತು. ಲೆಕ್ಕ ಇಷ್ಟೇ. ಎಂಟನೆಯ ತರಗತಿಯ ಮಗುವಿಗೂ ಹೇಳಬಹುದು.

ಹೇಳಬಹುದಾದರೂ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಮೂರು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. ಅವರ ಎರಡು ಹಸುಗೂಸುಗಳು ಒಂದರ ಹಿಂದೊಂದು ತೀರಿಕೊಂಡಿದ್ದವು; 1999ರಲ್ಲಿ ಕೊಲೆಯ ಆರೋಪದ ಮೇಲೆ ವಿಚಾರಣೆ ನಡೆಯಿತು. ರಾಯ್ ಮೆಡೋ ಎಂಬ ಹೆಸರಾಂತ ಮಕ್ಕಳ ವೈದ್ಯರು ಸಾಕ್ಷಿ ಹೇಳಿದರು: ಇಂಥ ಅನುಕೂಲಸ್ಥ ಮನೆಯಲ್ಲಿ ಕಾರಣ ತಿಳಿಯದೆ ತೊಟ್ಟಿಲಲ್ಲೇ ಒಂದು ಮಗು ಸಾಯುವ ಸಂಭವ 8,543ಕ್ಕೆ ಒಂದು, ಎರಡು ಸಾಯುವ ಸಂಭವ 7.3 ಕೋಟಿಗೆ ಒಂದು. 8,543ನ್ನು 8,543ರಿಂದ ಗುಣಿಸಿದ್ದು, ಅಷ್ಟೇ. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ, ಒಂದೇ ಮನೆ. ಎರಡು ಸಾವುಗಳಿಗೆ ಸಂಬಂಧವೇ ಇಲ್ಲವೆಂದು ಹೇಗೆ ಗುಣಿಸಿದಿರಿ ಎಂದು ಕೇಳುವವರು ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಂಕಿಯನ್ನು ಕೇಳಿಸಿಕೊಂಡ ರೀತಿಯಲ್ಲಿತ್ತು. ‘ತಾಯಿ ನಿರಪರಾಧಿಯಾಗಿದ್ದರೆ ಹೀಗಾಗುವ ಸಂಭವ’ ಎಂದು ಹೊರಟದ್ದು ‘ತಾಯಿ ನಿರಪರಾಧಿಯಾಗಿರುವ ಸಂಭವ’ ಆಗಿ ಕಿವಿಗೆ ಬಿತ್ತು. ‘ಇದ್ದರೆ’ ಹೋಯಿತು, ‘ಇರುವ’ ಬಂತು. ಒಬ್ಬ ತಾಯಿ ಎರಡು ಮಕ್ಕಳನ್ನು ಕೊಲ್ಲುವುದೂ ಬಹಳ ಅಪರೂಪವೇ ಅಲ್ಲವೇ, ಎರಡು ಅಪರೂಪಗಳಲ್ಲಿ ಯಾವುದು ಹೆಚ್ಚು ಅಪರೂಪ ಎಂದು ತೂಗಬೇಡವೇ? 2001ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪ ಎತ್ತಿತು. 2003ರಲ್ಲಿ ಎರಡನೆಯ ಮೇಲ್ಮನವಿಯಲ್ಲಿ ಆಕೆ ಬಿಡುಗಡೆಯಾದರು. ಅದಕ್ಕೆ ಮುಖ್ಯ ಕಾರಣ, ಹೊರಗೆ ಬಾರದೆ ಉಳಿದಿದ್ದ ಒಂದು ವೈದ್ಯಕೀಯ ಪರೀಕ್ಷೆಯ ಫಲಿತಾಂಶ. 2007ರಲ್ಲಿ ತೀರಿಕೊಂಡರು.

ಈ ಪ್ರಕರಣವನ್ನು ನಾನು ಎಷ್ಟೋ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಪಾಠ ಮಾಡುವಾಗ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು. ಇಂಗ್ಲಿಷ್ ವಾಕ್ಯದಲ್ಲಿ ಷರತ್ತು ಸಾಮಾನ್ಯವಾಗಿ ಬಾಲದಲ್ಲಿರುತ್ತದೆ. ಅವಸರದವರು ಬಾಲದವರೆಗೆ ಹೋಗುವುದಿಲ್ಲ, ಬಾಲ ಕತ್ತರಿಸಿದರೂ ವಾಕ್ಯ ನಡೆದಾಡುತ್ತದೆ. ಕನ್ನಡದಲ್ಲಿ ‘ರೆ’ ಬಾಗಿಲಲ್ಲೇ ನಿಂತಿರುತ್ತದೆ. ಅದನ್ನು ದಾಟದೆ ಅಂಕಿಯ ಬಳಿ ಹೋಗುವಂತಿಲ್ಲ. ಹಾಗಾಗಿ ಸಂಭವನೀಯತೆಗೆ ಹೇಳಿ ಮಾಡಿಸಿದ ಭಾಷೆ ನಮ್ಮದು ಎಂದು ತರಗತಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಆ ಒಂದು ಮಾತು ಅದಕ್ಕೆ ತಣ್ಣೀರೆರಚಿತು.

ಎಂದರೆ ಸರಿ

ಸಂಜೆ ಚಹಾದ ಹೊತ್ತಿನಲ್ಲಿ ಆಕೆಯನ್ನು ಹುಡುಕಿಕೊಂಡು ಹೋದೆ. ‘ಬಿಡುವುದಿಲ್ಲ ಎಂದರೆ ಹೇಗೆ, ತೋರಿಸಿ’ ಎಂದೆ. ಅವರು ಲೋಟ ಕೆಳಗಿಟ್ಟು ಸಹೋದ್ಯೋಗಿಯೊಬ್ಬರನ್ನು ಎದುರು ನಿಲ್ಲಿಸಿಕೊಂಡರು. ಇವರು ಸಾಕ್ಷಿ, ಅವರು ಸರ್ಕಾರಿ ಅಭಿಯೋಜಕರು. ಸುತ್ತ ಏಳೆಂಟು ಜನ ಸೇರಿದರು.

‘ಮುದ್ದೆಮಾಲು ನಾಲ್ಕು, ಅಂಗಿ. ಪರೀಕ್ಷೆ ಮಾಡಿದ್ದೀರಾ?’

‘ಮಾಡಿದ್ದೇನೆ.’

‘ಅದರ ಮೇಲಿದ್ದದ್ದು ಮನುಷ್ಯರ ರಕ್ತವೇ?’

‘ಹೌದು.’

‘ಯಾವ ಗುಂಪು?’

‘ಓ.’

‘ಮೃತನ ಗುಂಪು?’

‘ಅದೂ ಓ. ಆದರೆ...’

‘ಸಾಕು.’

ಇಷ್ಟು ಮುಗಿದ ಮೇಲೆ ಸಹೋದ್ಯೋಗಿ ಎರಡು ಹೆಜ್ಜೆ ಆಚೆ ಸರಿದು ಆರೋಪಿಯ ಪರ ವಕೀಲರಾದರು. ಪಾಟೀ ಸವಾಲು. ‘ಓ ಗುಂಪಿನ ರಕ್ತ ಯಾರದ್ದು ಬೇಕಾದರೂ ಇರಬಹುದು ಎಂದರೆ ಸರಿಯೇ?’ ‘ಸರಿ.’ ಅಲ್ಲಿಗೆ ಮುಗಿಯಿತು. ಹೇಳಿಕೆಯ ಹಾಳೆಯಲ್ಲಿ ‘ಓ ಗುಂಪಿನ ರಕ್ತ ಬೇರೆಯವರದ್ದೂ ಇರಬಹುದು ಎಂದರೆ ಸರಿ’ ಎಂದು ಟೈಪಾಗುತ್ತದೆ. ನಮ್ಮ ಕೋರ್ಟುಗಳ ಕನ್ನಡ ಬಲ್ಲವರಿಗೆ ಈ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಹೊಸದಲ್ಲ; ಪುಟಗಟ್ಟಲೆ ಸಾಕ್ಷ್ಯ ಇದೊಂದೇ ಗೂಟಕ್ಕೆ ಕಟ್ಟಿಕೊಂಡು ಸುತ್ತುತ್ತದೆ. ನನಗೆ ನಗು ಬಂತು. ಅಲ್ಲಿ ‘ರೆ’ ಇಲ್ಲ ಎಂದವರು ಯಾರು, ಬೇಕಾದಷ್ಟಿದೆ. ಆದರೆ ಅದು ವಕೀಲರ ‘ರೆ’. ತಜ್ಞರದ್ದಲ್ಲ.

ಆ ಐದು ನಿಮಿಷದ ನಾಟಕದಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡಿತು. ಅಭಿಯೋಜಕರು ಅದೇ ಸತ್ಯವನ್ನು ತೆಗೆದುಕೊಂಡು ‘ರಕ್ತ ಮೃತನದ್ದೇ’ ಎಂದು ವಾದಿಸುತ್ತಾರೆ. ಎದುರಿನವರು ಅದೇ ಸತ್ಯವನ್ನು ತೆಗೆದುಕೊಂಡು ‘ಇದಕ್ಕೆ ಮೂರು ಕಾಸಿನ ಬೆಲೆಯಿಲ್ಲ’ ಎಂದು ವಾದಿಸುತ್ತಾರೆ. ನೂರಕ್ಕೆ ನೂರು, ಇಲ್ಲದಿದ್ದರೆ ಸೊನ್ನೆ. ನಡುವೆ ಇರುವುದು ಎಷ್ಟು? ಬೆಂಗಳೂರಿನ ಕಡೆ ನೂರು ಮಂದಿಯಲ್ಲಿ ಸುಮಾರು ನಲವತ್ತು ಮಂದಿ ಓ ಗುಂಪಿನವರು. ಅಂದರೆ ಆ ಅಂಗಿಯ ಕಲೆ ಸಾಕ್ಷ್ಯವೇ ಹೌದು, ಆದರೆ ತಕ್ಕಡಿಯನ್ನು, ನೂರನ್ನು ನಲವತ್ತರಿಂದ ಭಾಗಿಸಿದರೆ ಸಿಗುವ ಎರಡೂವರೆ ಪಟ್ಟು ಮಾತ್ರ ವಾಲಿಸುವ ಸಾಕ್ಷ್ಯ. ಸಣ್ಣ ಕಲ್ಲು. ಇಂಥ ಹತ್ತು ಕಲ್ಲು ಸೇರಿದರೆ ಭಾರ ಬರುತ್ತದೆ, ಒಂದೇ ಆದರೆ ಬಾರದು. ಆ ತೂಕವನ್ನು ಹೇಳಬಲ್ಲವರು ಆ ಕೋಣೆಯಲ್ಲಿ ಒಬ್ಬರೇ. ಅವರಿಗೆ ‘ಸಾಕು’ ಎಂದಾಗಿರುತ್ತದೆ. (ಆರೋಪಿಯ ಗುಂಪು ಯಾವುದು ಎಂದು ನಾನು ಕೇಳಿದೆ. ಅವನದ್ದೂ ಓ ಆಗಿದ್ದರೆ ಅದು ಅವನದೇ ಗಾಯದ ರಕ್ತವಿರಬಹುದಲ್ಲ. ಎಷ್ಟೋ ಸಲ ಆರೋಪಿಯ ರಕ್ತದ ಮಾದರಿಯೇ ಬಂದಿರುವುದಿಲ್ಲ ಸರ್ ಎಂದರು. ಆ ವಿಷಯಕ್ಕೇ ಇನ್ನೊಂದು ಬರಹ ಬೇಕು.)

ಇದು ನಮ್ಮ ಕೋರ್ಟುಗಳದ್ದೇ ರೋಗ ಎಂದುಕೊಂಡರೆ ತಪ್ಪಾಗುತ್ತದೆ. ಅಮೆರಿಕದ ಎಫ್‌ಬಿಐ ತನ್ನ ಕೂದಲು ಪರೀಕ್ಷಕರ ಹಳೆಯ ಸಾಕ್ಷ್ಯಗಳನ್ನು ತಾನೇ ತಿರುವಿ ನೋಡಿ 2015ರಲ್ಲಿ ಫಲಿತಾಂಶ ಹೇಳಿತು. ಅಲ್ಲಿಯವರೆಗೆ ಪರಿಶೀಲಿಸಿದ್ದರಲ್ಲಿ, ಆರೋಪಿಗೆ ವಿರುದ್ಧವಾಗಿ ಕೂದಲಿನ ಸಾಕ್ಷ್ಯ ನುಡಿದ 268 ವಿಚಾರಣೆಗಳಿದ್ದವು. ಅವುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚರಲ್ಲಿ ಪರೀಕ್ಷಕರು ವಿಜ್ಞಾನ ಒಪ್ಪುವುದಕ್ಕಿಂತ ಹೆಚ್ಚು ಹೇಳಿದ್ದರು. ತಪ್ಪು ಸೂಕ್ಷ್ಮದರ್ಶಕದಲ್ಲಿ ಸಿಕ್ಕದ್ದಲ್ಲ, ನಡಾವಳಿಯ ಹಾಳೆಯಲ್ಲಿ ಸಿಕ್ಕದ್ದು. ಎರಡು ಕೂದಲು ಒಂದೇ ಥರ ಕಾಣುತ್ತವೆ ಎನ್ನುವುದು ನಿಜ. ಆ ಥರದ ಕೂದಲು ಎಷ್ಟು ಜನರಿಗಿದೆ ಎಂದು ಎಣಿಸಿದವರು ಯಾರೂ ಇರಲಿಲ್ಲ. ಎಣಿಸದೆಯೇ ‘ಇಂಥದ್ದು ಬಹಳ ವಿರಳ’ ಎಂದಿದ್ದರು.

ಸೊನ್ನೆ

ಅದೇ ಸಂಜೆ ಬೆರಳಚ್ಚು ವಿಭಾಗದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ನಿವೃತ್ತಿಗೆ ಎರಡು ವರ್ಷವಿತ್ತು. ಚೀಲದಿಂದ ಒಂದು ಭೂತಗನ್ನಡಿಯನ್ನೂ ಪಾಠಕ್ಕೆ ಬಳಸುವ ಎರಡು ಅಚ್ಚುಗಳ ಹಾಳೆಯನ್ನೂ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ಅಜ್ಜಿ ಮಕ್ಕಳ ಬೆರಳು ಹಿಡಿದು ಎಷ್ಟು ಶಂಖ, ಎಷ್ಟು ಚಕ್ರ ಎಂದು ಎಣಿಸುತ್ತಿದ್ದರು. ನನ್ನ ವಿದ್ಯೆ ಅಲ್ಲಿಗೇ ನಿಂತಿತ್ತು. ಗನ್ನಡಿಯಡಿ ಚಕ್ರ ಮಾಯವಾಗಿ ಉತ್ತ ಹೊಲ ಕಾಣಿಸಿತು. ಒಂದು ಸಾಲು ಹೋಗುತ್ತಾ ಹೋಗುತ್ತಾ ಎರಡಾಗಿ ಕವಲೊಡೆಯುತ್ತದೆ, ಇನ್ನೊಂದು ಸುಮ್ಮನೆ ನಿಂತುಬಿಡುತ್ತದೆ, ಎರಡು ಸಾಲುಗಳ ನಡುವೆ ಒಂದು ಚುಕ್ಕೆ. ‘ಈ ಕವಲು ಇಲ್ಲಿ ನೋಡಿ. ಇಲ್ಲಿಂದ ಮೂರು ಸಾಲು ಎಡಕ್ಕೆ ಎಣಿಸಿ. ನಿಂತಿದೆಯಲ್ಲ? ಈಗ ಆ ಅಚ್ಚಿನಲ್ಲಿ ಎಣಿಸಿ.’ ಎಣಿಸಿದೆ. ಕೈಬೆರಳಿನ ತುದಿಯಲ್ಲಿ ಇಷ್ಟು ಬರವಣಿಗೆ ಇದೆಯೆಂದು ಅಂದೇ ನನಗೆ ತಿಳಿದದ್ದು. ಇದನ್ನು ದಿನವೂ ನೋಡುವವರು ‘ಇದು ಇವನದೇ’ ಎಂದು ಗಟ್ಟಿಯಾಗಿ ಹೇಳುವುದೇಕೆ ಎಂಬುದೂ ಅರ್ಥವಾಯಿತು.

‘ನಿಮ್ಮ ಕೆಲಸದಲ್ಲಿ ತಪ್ಪು ಎಷ್ಟು ಬಂದಿದೆ?’ ಎಂದು ಕೇಳಿದೆ. ‘ಸೊನ್ನೆ’ ಎಂದರು. ಜಂಬವಿರಲಿಲ್ಲ, ಎಣಿಸಿ ನೋಡಿದ ಲೆಕ್ಕದಂತೆ ಹೇಳಿದರು. ಈ ವಿದ್ಯೆ ಹುಟ್ಟಿ ಬೆಳೆದದ್ದು ನಮ್ಮ ನೆಲದಲ್ಲಿ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ತೆರೆಯಿತು, ಅಚ್ಚುಗಳನ್ನು ವಿಂಗಡಿಸುವ ಕ್ರಮವನ್ನು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಕಟ್ಟಿದರು, ಹೆಸರು ಮಾತ್ರ ಅವರ ಸಾಹೇಬ ಹೆನ್ರಿಗೆ ಹೋಯಿತು. ನೂರು ವರ್ಷ ದಾಟಿದ ಆ ವಿಶ್ವಾಸದ ಎದುರು ನಾನು ಮ್ಯಾಡ್ರಿಡ್ ಇಟ್ಟೆ. 2004ರ ಮಾರ್ಚ್ 11ರಂದು ಅಲ್ಲಿನ ರೈಲುಗಳಲ್ಲಿ ಬಾಂಬು ಸಿಡಿದವು. ಬಾಂಬು ಸಿಡಿಸುವ ಡಿಟೊನೇಟರುಗಳಿದ್ದ ಚೀಲದ ಮೇಲಿನ ಅಚ್ಚು ಅಮೆರಿಕದ ಒರೆಗಾನ್‌ನ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದು ಎಂದು ಎಫ್‌ಬಿಐನ ಮೂವರು ತಜ್ಞರು ಹೇಳಿದರು. ನ್ಯಾಯಾಲಯ ನೇಮಿಸಿದ ಹೊರಗಿನ ತಜ್ಞರೂ ಹೌದೆಂದರು. ಎರಡು ವಾರ ಬಂಧನದಲ್ಲಿದ್ದ ಮೇಲೆ, ಅದು ಅಲ್ಜೀರಿಯಾದ ಒಬ್ಬನ ಅಚ್ಚು ಎಂದು ಸ್ಪೇನಿನ ಪೊಲೀಸರು ಗುರುತಿಸಿದರು. ಎಫ್‌ಬಿಐ ಕ್ಷಮೆ ಕೇಳಿತು.

‘ಅದು ಒಂದು’ ಎಂದರು ಹಿರಿಯರು. ಸರಿಯೇ, ಒಂದು ಕಥೆ ಅಂಕಿಯಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳುವ ಮಾತು. ಹಾಗಾಗಿ ಅಂಕಿಗೆ ಹೋದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 169 ಬೆರಳಚ್ಚು ಪರೀಕ್ಷಕರಿಗೆ ತಲಾ ಸುಮಾರು ನೂರು ಜೋಡಿ ಅಚ್ಚು ಕೊಟ್ಟರು. ಯಾವುದು ಯಾರದೆಂದು ಕೊಟ್ಟವರಿಗೆ ಗೊತ್ತಿತ್ತು. ಬೇರೆಯವರ ಅಚ್ಚನ್ನು ‘ಇವನದೇ’ ಎಂದದ್ದು ನೂರಕ್ಕೆ 0.1, ಅಂದರೆ ಸಾವಿರಕ್ಕೊಂದು. ಒಬ್ಬನದೇ ಎರಡು ಅಚ್ಚನ್ನು ‘ಬೇರೆಯವರದು’ ಎಂದದ್ದು ನೂರಕ್ಕೆ 7.5. ಬಹಳ ಒಳ್ಳೆಯ ಅಂಕಿ, ಆದರೆ ಸೊನ್ನೆಯಲ್ಲ ಎಂದೆ. ಅವರು ಗನ್ನಡಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: ‘ಅವರಿಗೆ ಅದು ಪರೀಕ್ಷೆ ಎಂದು ಗೊತ್ತಿತ್ತಲ್ಲವೇ?’

ಗೊತ್ತಿತ್ತು. ಇಷ್ಟು ವರ್ಷ ಆ ಅಧ್ಯಯನವನ್ನು ಪಾಠ ಮಾಡಿದ ನನಗೆ ಆ ಪ್ರಶ್ನೆ ಆ ಮೊನಚಿನಿಂದ ಹೊಳೆದಿರಲಿಲ್ಲ. ಪರೀಕ್ಷೆ ಎಂದು ಗೊತ್ತಾದ ದಿನ ಎಲ್ಲರೂ ಎರಡು ಸಲ ನೋಡುತ್ತಾರೆ. ಬೇರೆ ದಿನ, ಮೇಜಿನ ಮೇಲೆ ಅರವತ್ತು ಫೈಲು ಬಾಕಿಯಿದ್ದು ಠಾಣೆಯಿಂದ ನಾಲ್ಕನೆಯ ಸಲ ಫೋನು ಬಂದಾಗ? ಅಮೆರಿಕದ ಹ್ಯೂಸ್ಟನ್ ನಗರದ ಪ್ರಯೋಗಾಲಯದಲ್ಲಿ ಇದಕ್ಕೊಂದು ಉಪಾಯವಿದೆ: ಉತ್ತರ ಗೊತ್ತಿರುವ ನಕಲಿ ಪ್ರಕರಣಗಳನ್ನು ನಿಜವಾದವುಗಳ ನಡುವೆ ಸದ್ದಿಲ್ಲದೆ ಸೇರಿಸಿಬಿಡುತ್ತಾರೆ. ಇದನ್ನು ಹೇಳಿದಾಗ ಹಿರಿಯರ ಮುಖ ಅರಳಿತು. ‘ಹಾಗೆ ಮಾಡಿ ನೋಡಲಿ, ಆಮೇಲೂ ನನ್ನದು ಸೊನ್ನೆಯೇ’ ಎಂದರು. ಇರಬಹುದು. ಎಣಿಸಿದ ಸೊನ್ನೆಗೆ ನಾನು ಕೈಮುಗಿಯುತ್ತೇನೆ.

ಹಡಗಲಿ, ಏಮ್ಸ್, ಧಾರವಾಡ

2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿಯೊಂದು, ಡಿಎನ್‌ಎ ಬಿಟ್ಟರೆ ಬೇರೆ ಯಾವ ವಿಧಾನವೂ ಒಂದು ಗುರುತನ್ನು ಒಬ್ಬನೇ ವ್ಯಕ್ತಿಗೆ ಖಚಿತವಾಗಿ ಕಟ್ಟಬಲ್ಲದು ಎಂದು ಕಟ್ಟುನಿಟ್ಟಾಗಿ ಸಾಬೀತಾಗಿಲ್ಲ ಎಂದು ಸಾರಿತು. ಪ್ರಯೋಗಾಲಯದವರು ಮುನಿಸಿಕೊಂಡರು, ಸಂಖ್ಯಾಶಾಸ್ತ್ರದವರು ಬೀಗಿದರು. ಕೆಲಸ ಆರಂಭವಾದದ್ದು ಆಮೇಲೆ. 2015ರಲ್ಲಿ ಅಯೋವಾ ರಾಜ್ಯದ ಏಮ್ಸ್ ಊರಿನ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಸೀಸೇಫ್ ಎಂಬ ಕೇಂದ್ರ ಹುಟ್ಟಿತು. ಗುಂಡಿನ ಮೇಲಿನ ಗೀರು, ಶೂ ಅಟ್ಟೆಯ ಸವೆತ, ಕೈಬರಹದ ಬಾಗು ಇವುಗಳನ್ನು ಅಳೆದು ರಾಶಿ ಹಾಕಿ, ಯಾವುದು ಎಷ್ಟು ಸಾಮಾನ್ಯ ಎಂದು ಎಣಿಸುವುದು ಅವರ ಕೆಲಸ, ಜೊತೆಗೆ ಪರೀಕ್ಷಕರಿಗೂ ವಕೀಲರಿಗೂ ಪಾಠ. ಕೂದಲಿನ ವಿಷಯದಲ್ಲಿ ಯಾರೂ ಮಾಡದಿದ್ದ ಎಣಿಕೆ ಇದೇ.

ಇದನ್ನು ಓದಿದಾಗಲೆಲ್ಲ ನನಗೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ನೆನಪಾಗುತ್ತಾರೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. 1946ರಲ್ಲಿ ಅವರು ಕೇಂಬ್ರಿಜ್‌ಗೆ ಹೋದದ್ದು ದೊಡ್ಡ ಸಿದ್ಧಾಂತ ಕಟ್ಟಲೆಂದಲ್ಲ. ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಹಳೆಯ ಎಲುಬುಗಳ ಅಳತೆ ನೋಡಿ ಅವು ಯಾವ ಜನರವು ಎಂದು ಲೆಕ್ಕ ಹಾಕಲು. ‘ಈ ತಲೆಬುರುಡೆ ಈ ಗುಂಪಿನದಾಗಿದ್ದರೆ ಇಂಥ ಅಳತೆ ಬರುವ ಸಂಭವ ಎಷ್ಟು, ಆ ಗುಂಪಿನದಾಗಿದ್ದರೆ ಎಷ್ಟು?’ ಅಂಗಿಯ ಮೇಲಿನ ಕಲೆಗೂ ಕೇಳಬೇಕಾದದ್ದು ಇದೇ. ಅಂಥ ಗುರುವಿನ ನಾಡಿನಲ್ಲಿ, ಎರಡು ಬಸ್ ನಿಲ್ದಾಣಗಳ ದೂರದಲ್ಲಿರುವ ಸಂಖ್ಯಾಶಾಸ್ತ್ರ ವಿಭಾಗ ಮತ್ತು ಪ್ರಯೋಗಾಲಯ ಒಂದರ ಮುಖ ಒಂದು ನೋಡದೆ ದಶಕಗಳನ್ನು ಕಳೆದದ್ದನ್ನು ಕಂಡಿದ್ದೇನೆ. ಅದರಲ್ಲಿ ನನ್ನ ಪಾಲೂ ಇದೆ. ಇಪ್ಪತ್ತೈದು ವರ್ಷ ಪಾಠ ಹೇಳಿದ ನಾನು ಕರೆಯುವವರೆಗೆ ಹೋಗಿರಲಿಲ್ಲ.

ಈಗ ಕರೆ ಹೆಚ್ಚುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಆವರಣ ಧಾರವಾಡಕ್ಕೇ ಬಂದಿದೆ. ಎಲ್ಲ ಸರಿ. ಆದರೆ ಸರ್ಕಾರಿ ತಜ್ಞರ ವರದಿಯನ್ನು, ಅವರನ್ನು ಕರೆಸದೆಯೂ, ಸಾಕ್ಷ್ಯವಾಗಿ ಓದಬಹುದು ಎಂಬ ಹಳೆಯ ಏರ್ಪಾಡು ಹೊಸ ಕಾನೂನಿನಲ್ಲೂ ಇದೆ. ಬಹಳಷ್ಟು ಪ್ರಕರಣಗಳಲ್ಲಿ ಬರೆದವರು ಬರುವುದಿಲ್ಲ, ಹಾಳೆ ಮಾತ್ರ ಬರುತ್ತದೆ. ಆ ಹಾಳೆಯಲ್ಲಿ ‘ರೆ’ ಇಲ್ಲದಿದ್ದರೆ ಆಮೇಲೆ ಅದನ್ನು ತಂದು ಸೇರಿಸುವವರು ಯಾರೂ ಇಲ್ಲ.

ಎರಡನೆಯ ದಿನ

ಮರುದಿನ ಬೆಳಿಗ್ಗೆ ಸ್ಲೈಡುಗಳನ್ನು ಮುಚ್ಚಿಟ್ಟೆ. ಅಂಗಿಯ ಪ್ರಕರಣವನ್ನು ಹಲಗೆಯ ಮೇಲೆ ಬರೆದು, ಎಲ್ಲರೂ ಒಂದೊಂದು ವಾಕ್ಯ ಬರೆಯಿರಿ ಎಂದೆ: ಕನ್ನಡದಲ್ಲಿ, ನ್ಯಾಯಾಧೀಶರು ಒಂದೇ ಸಲ ಕೇಳಿ ಬರೆಸಬಲ್ಲಷ್ಟು ಚಿಕ್ಕದಾಗಿ, ಯಾವ ಕಡೆಯ ವಕೀಲರೂ ಅರ್ಧಕ್ಕೆ ಕತ್ತರಿಸಲು ಆಗದಂತೆ. ನಾನೂ ಬರೆದೆ. ನನ್ನದು ನಾಲ್ಕು ಸಾಲಾಯಿತು. ಎರಡನೆಯ ಸಾಲಿನಲ್ಲೇ ಹೊಡೆದುಹಾಕುತ್ತಾರೆ ಎಂದು ಮುಂದಿನ ಬೆಂಚಿನವರು ತೀರ್ಪು ಕೊಟ್ಟರು. ಒಬ್ಬರು ‘ತಳ್ಳಿಹಾಕುವಂತಿಲ್ಲ’ ಎಂದು ಬರೆದರು. ತಳ್ಳಿಹಾಕಬಾರದ್ದು ಎಷ್ಟು ತೂಕದ್ದು ಎಂದು ತಿಳಿಯಲಿಲ್ಲ. ಒಬ್ಬರು ‘ತಾಳೆಯಾಗುತ್ತದೆ’ ಎಂದಷ್ಟೇ ಬರೆದರು, ಅದು ಈಗ ಬರೆಯುತ್ತಿರುವುದೇ. ಹನ್ನೊಂದು ಗಂಟೆಯ ಚಹಾ ತಣ್ಣಗಾಯಿತು. ಕೊನೆಗೆ ಹಿಂದಿನ ಬೆಂಚಿನ ಆಕೆ ಎದ್ದು ಓದಿದರು.

‘ಕಲೆ ಮೃತನ ರಕ್ತದ್ದಾಗಿದ್ದರೂ ಓ ಎಂದೇ ಬರುತ್ತದೆ, ಬೇರೆ ಯಾರದ್ದೋ ಆಗಿದ್ದರೂ ನೂರರಲ್ಲಿ ಸುಮಾರು ನಲವತ್ತು ಸಲ ಓ ಎಂದೇ ಬರುತ್ತದೆ.’

‘ರೆ’ ಬಿಡುವುದಿಲ್ಲ ಎಂದವರು ‘ರೂ’ ತಂದಿದ್ದರು. ಒಂದು ‘ರೂ’ ಹೇಳಿದ ಕೂಡಲೇ ಕೇಳುವವರ ಕಿವಿ ಇನ್ನೊಂದಕ್ಕೆ ಕಾಯುತ್ತದೆ. ನಡುವೆ ‘ಸಾಕು’ ಎನ್ನಲು ಬಾಯಿ ಬರುವುದಿಲ್ಲ. ನಾನು ಬರೆದಿದ್ದ ಭಾಗಾಕಾರ ಪೂರ್ತಿ ಅದರಲ್ಲಿತ್ತು, ಒಂದು ಚಿಹ್ನೆಯೂ ಇಲ್ಲದೆ. ಹಲಗೆಯ ಮೇಲೆ ಬರೆಯಿಸಿದೆ, ಮೂವತ್ತು ಮಂದಿಯೂ ಬರೆದುಕೊಂಡರು.

ಏಳೆಂಟು ತಿಂಗಳಾದ ಮೇಲೆ ಅವರ ಫೋನು ಬಂತು. ಸಾಕ್ಷಿಗೆ ಹೋಗಿದ್ದರಂತೆ, ಹೆಚ್ಚುಕಡಿಮೆ ಅಂಥದೇ ಪ್ರಕರಣ. ವಾಕ್ಯವನ್ನು ಪೂರ್ತಿ ಹೇಳಿದರಂತೆ, ಯಾರೂ ತಡೆಯಲಿಲ್ಲವಂತೆ. ನ್ಯಾಯಾಧೀಶರು ಕೇಳಿಸಿಕೊಂಡು ಟೈಪಿಸ್ಟರಿಗೆ ಹೇಳಿ ಬರೆಸಿದರು. ಸಹಿ ಹಾಕುವ ಮುನ್ನ ಹಾಳೆ ಓದಿದಾಗ ಅದರಲ್ಲಿ ಇದ್ದದ್ದು: ‘ಕಲೆಯು ಬೇರೆಯವರ ರಕ್ತದ್ದಾಗಿರುವ ಸಾಧ್ಯತೆ ಶೇಕಡ 40.’

‘ಆಮೇಲೆ?’

‘ಸಹಿ ಹಾಕಲಿಲ್ಲ ಸರ್. ಇದು ನಾನು ಹೇಳಿದ್ದಲ್ಲ ಎಂದೆ. ಎರಡಕ್ಕೂ ಏನಮ್ಮ ವ್ಯತ್ಯಾಸ ಎಂದರು. ಹಾಲು, ಸುಣ್ಣ ಎಂದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಆ ಸಾಲು ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ನಾನು ಹೇಳಿದಂತೆ ಬರೆದು ಸಹಿ ಹಾಕಿದರು. ಹೊರಗೆ ಬಂದರೆ ನನ್ನ ನಂತರ ಕರೆಯಬೇಕಿದ್ದ ಪಂಚರು ಬಾಗಿಲಲ್ಲಿ ನಿಂತಿದ್ದರು. ಬೆಳಗಿನ ಬಸ್ಸಿಗೆ ಬಂದವರಂತೆ. ಒಂದು ಸಾಲಿಗೆ ಇಷ್ಟು ಹೊತ್ತೇನಮ್ಮಾ ಎಂದು ಬೈದರು ಸರ್.’